ಒಂದು ತೂತು ಒಳಕ್ಕೆ

ಎರಡು ಸಾವಿರದ ಎಂಟನೆಯ ಇಸವಿ, ಸಂಕ್ರಾಂತಿ ಕಳೆದ ಮೇಲಿನ ಗುರುವಾರ, ಬೆಳಗಿನ ಐದೂವರೆ ಗಂಟೆ. ಸ್ಥಳ: ಚಾಮರಾಜನಗರದಲ್ಲಿ ನಮ್ಮ ಮನೆಯ ನಡುಮನೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಗೌರಮ್ಮ, ಮತ್ತು ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿದ್ದ ನನ್ನ ಚರ್ಮದ ಬೆಲ್ಟು. ಬೆಲ್ಟನ್ನೂ ಹಾಜರಿಗೆ ಸೇರಿಸಿದ್ದಕ್ಕೆ ನಗಬೇಡಿ. ಅಗ್ನಿಶಾಮಕ ಠಾಣೆಯಲ್ಲಿ ಗಂಟೆಯ ಸದ್ದಿಗೆ ಎದ್ದು, ಸೀಟಿಯ ಸದ್ದಿಗೆ ಉಂಡು, ಮತ್ತೊಂದು ಗಂಟೆಯ ಸದ್ದಿಗೆ ಮಲಗಿ ನಿವೃತ್ತನಾದವನು ನಾನು. ದಿನ, ಹೊತ್ತು, ಹಾಜರಿ ಹೇಳದೆ ಮಾತು ತೆಗೆದರೆ ಗುಂಡಿ ಹಾಕದ ಷರಟಿನಲ್ಲಿ ಬೀದಿಗೆ ಬಂದಂತಾಗುತ್ತದೆ. ಅಲ್ಲದೆ, ನಾನು ಹೇಳಹೊರಟಿರುವ ಸಂಗತಿಗೆಲ್ಲ ಪ್ರತ್ಯಕ್ಷ ಸಾಕ್ಷಿ ಆ ಬೆಲ್ಟೇ.

ಆ ಬೆಳಿಗ್ಗೆ ಬೆಲ್ಟನ್ನು ಕಟ್ಟಕಡೆಯ ಒಳತೂತಿಗೆ ಎಳೆದು ಬಿಗಿದರೂ ಪ್ಯಾಂಟು ನಿಲ್ಲಲೊಲ್ಲದು. ಗೌರಮ್ಮ ಕಾಫಿ ಲೋಟ ಹಿಡಿದು ನೋಡುತ್ತ ನಿಂತಿದ್ದಳು. "ಬೆಂಕಿ ಆರ್ಸಕೆ ಓಗೋರು ಒಂದು ಕೈಲಿ ಪ್ಯಾಂಟು ಇಡ್ಕಂಡೇ ಓಗ್ಬೇಕಾಯ್ತದೆ," ಎಂದವಳು ಒಳಗಿನಿಂದ ಒಂದು ಗೋಣಿದಾರ ತಂದುಕೊಟ್ಟಳು. ಷರಟಿನ ಕೆಳಗೆ ಗೋಣಿದಾರ ಬಿಗಿದುಕೊಂಡು ನಾನು ಬಂಡೀಪುರದ ಕಡೆಗೆ ಹೊರಟೆ. ಜೀವಮಾನದಲ್ಲಿ ಅಷ್ಟು ಹೆಮ್ಮೆಯಿಂದ ಯಾವ ಸಮವಸ್ತ್ರವನ್ನೂ ತೊಟ್ಟಿರಲಿಲ್ಲ.

ಆ ಹೆಮ್ಮೆಯ ಹಿಂದೆ ಒಂದು ಅವಮಾನವಿತ್ತು. ಬೇಸಿಗೆಗೆ ಮುಂಚೆ, ಕಾಡಿನ ಹುಲ್ಲು ಒಣಗತೊಡಗುವ ಹೊತ್ತಿಗೆ, ಅರಣ್ಯದವರು ಬೆಂಕಿರೇಖೆ ಮಾಡಿಸುತ್ತಾರೆ. ಅಗಲವಾದ ಪಟ್ಟೆಯೊಂದರಲ್ಲಿ ಹುಲ್ಲನ್ನು ತಾವೇ ಹದವಾಗಿ ಸುಟ್ಟು ಬೋಳು ಮಾಡಿಬಿಟ್ಟರೆ, ನಾಳೆ ಎಲ್ಲಿಂದಲೋ ನುಗ್ಗಿಬಂದ ಕಾಳ್ಗಿಚ್ಚು ಅಲ್ಲಿಗೆ ಬಂದು ತಿನ್ನಲು ಏನೂ ಸಿಗದೆ ನಿಲ್ಲುತ್ತದೆ. ಈ ಕೆಲಸಕ್ಕೆ ಸುತ್ತಲ ಊರುಗಳಿಂದ ಬರುವ ಬೆಂಕಿ ಕಾವಲಿನವರಿಗೆ ವರ್ಷಕ್ಕೊಂದು ದಿನ ತರಬೇತಿ ಕೊಡಲು ನನ್ನನ್ನು ಕರೆಯುವುದು ವಾಡಿಕೆ. ಹಿಂದಿನ ವರ್ಷ ಹೋದಾಗ ಮೊದಲ ದಿಣ್ಣೆ ಹತ್ತುವಷ್ಟರಲ್ಲೇ ನನ್ನ ಮಂಡಿ ಮುಷ್ಕರ ಹೂಡಿ, ಉಸಿರು ರಜೆ ಕೇಳಿತು. ಅಧಿಕಾರಿಗಳು ಬಹಳ ಮರ್ಯಾದೆಯಿಂದ, "ನೀವು ಜೀಪಿನಲ್ಲೇ ಕೂತು ಹೇಳಿ ಸಾರ್, ಅವರು ಮಾಡ್ತಾರೆ" ಎಂದರು. ಕೂತೆ. ಆಗ ಜೀಪಿನ ಮರೆಯಲ್ಲಿ ಮಾದ ಎಂಬ ಗಿರಿಜಾ ಮೀಸೆಯ ಕಾವಲುಗಾರ ಜೊತೆಯವನಿಗೆ ಹೇಳಿದ್ದು ಕಿವಿಗೆ ಬಿತ್ತು: "ಬೆಂಕಿ ಬಿದ್ರೆ ಮೊದ್ಲು ಈ ತಾತನ್ನ ಎತ್ಕಂಡು ಓಡ್ಬೇಕು ಕಣ್ಲಾ. ಕಾಡು ಆಮ್ಯಾಕೆ ನೋಡ್ಕಳನ."

ಮಿತ್ರರೆ, ಜನರನ್ನು ಬೆಂಕಿಯಿಂದ ಹೊತ್ತು ತರುವುದನ್ನೇ ವೃತ್ತಿ ಮಾಡಿಕೊಂಡಿದ್ದವನು ತಾನೇ ಹೊರೆಯಾದೆನಲ್ಲ ಎಂಬ ಸಂಕಟವನ್ನು ನೀವೇ ಊಹಿಸಿಕೊಳ್ಳಿ. ಮಾದ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ಅದು ಹೆಚ್ಚು ಸುಟ್ಟಿತು. ಮುಂದಿನ ಸಲ ಬೆಂಕಿರೇಖೆಯನ್ನು ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ, ಇಲ್ಲವಾದರೆ ಈ ಕೆಲಸಕ್ಕೆ ನಾನೇ ನಮಸ್ಕಾರ ಹೇಳುತ್ತೇನೆ ಎಂದು ಅಂದೇ ನಿಶ್ಚಯಿಸಿದೆ.

ನಾಳೆ ನಾಳೆ ಎನ್ನುತ್ತ ದಸರೆ ಹತ್ತಿರ ಬರುವವರೆಗೆ ತಳ್ಳಿ ಕೊನೆಗೆ ಹೋದಾಗ, ನಮ್ಮ ಡಾಕ್ಟರಮ್ಮ ಮಂಡಿಯನ್ನು ಒತ್ತಿ ನೋಡಿ, "ಮಂಡಿ ಚೆನ್ನಾಗೇ ಇದೆ, ಅದರ ಮೇಲೆ ಹೊರಿಸಿರೋ ಮೂಟೆ ಇಳಿಸಿ" ಎಂದರು. ದಿನ ಬಿಟ್ಟು ದಿನ ಊಟ ಬಿಡುವ ಪಥ್ಯವನ್ನು ಸೂಚಿಸಿ, ರಕ್ತ ಪರೀಕ್ಷಿಸಿ, ತಲೆ ಸುತ್ತಿದರೆ ಶೌರ್ಯ ತೋರಿಸದೆ ಉಣ್ಣಬೇಕೆಂದು ತಾಕೀತನ್ನೂ ಮಾಡಿದರು. ನನಗೆ ಈ ಪದ್ಧತಿ ಕೇಳಿದ ಕೂಡಲೇ ಹಿಡಿಸಿತು. ಸ್ವಲ್ಪ ತಿನ್ನಿ, ಮಿತವಾಗಿ ತಿನ್ನಿ ಎಂಬಂಥ ಅಸ್ಪಷ್ಟ ಆಜ್ಞೆಗಳನ್ನು ಪಾಲಿಸಿ ನನಗೆ ಅಭ್ಯಾಸವಿಲ್ಲ. ಇಂದು ಡ್ಯೂಟಿ, ನಾಳೆ ಆಫ್ ಎಂದರೆ ಅರ್ಥವಾಗುತ್ತದೆ. ದಸರೆ ಮುಗಿದ ಮಾರನೆಯ ದಿನದಿಂದಲೇ ಹೊಟ್ಟೆಗೆ ಪಾಳಿ ನಿಗದಿಯಾಯಿತು.

ಶಿಸ್ತಿಗೆ ಕೊರತೆಯಿರಲಿಲ್ಲ. ಆಫ್ ದಿನದಂದು ಅನ್ನವನ್ನು ಕಣ್ಣೆತ್ತಿ ನೋಡಲಿಲ್ಲ, ಮುದ್ದೆಯ ವಾಸನೆ ಬಂದರೆ ಜಗಲಿಗೆ ಎದ್ದುಹೋದೆ. ಆದರೂ ದೀಪಾವಳಿ ಕಳೆಯುವಷ್ಟರಲ್ಲಿ ಬೆಲ್ಟು ಹೊರಗಿನ ಕೊನೆಯ ತೂತಿಗೂ ನಿಲುಕದಾಯಿತು. ಮಾರುಕಟ್ಟೆ ಹಿಂದಿನ ಓಣಿಯಲ್ಲಿ ಚೀಲ, ಚಪ್ಪಲಿ, ಬೆಲ್ಟು ಸರಿಮಾಡುವ ಕರೀಂ ಸಾಬರ ಅಂಗಡಿಗೆ ಹೋದೆ. ಠಾಣೆಯಲ್ಲಿದ್ದಾಗಿನಿಂದ ನನ್ನ ಬೆಲ್ಟಿಗೆ ತೂತು ಹಾಕುತ್ತ ಬಂದವರು ಅವರು, ಎಲ್ಲವೂ ಹೊರಕ್ಕೇ.

"ಇನ್ನೂ ಒಂದು ಹೊರಕ್ಕಾ ಸಾರ್?"

"ಹೂಂ. ಉಪವಾಸ ಮಾಡ್ತಿದ್ದೀನಿ."

ಸಾಬರು ಉಳಿ ಕೆಳಗಿಟ್ಟರು. "ರಂಜಾನ್‌ನಲ್ಲಿ ಇಳಿಯೋರನ್ನ ನೋಡಿದ್ದೀನಿ, ರಾತ್ರಿ ಊಟ ಜಾಸ್ತಿ ಆಗಿ ಇದ್ದಂಗೇ ಇರೋರನ್ನೂ ನೋಡಿದ್ದೀನಿ. ಉಪವಾಸದಲ್ಲಿ ಬೆಲ್ಟು ಸಾಲದೆ ಬಂದೋರು ನೀವೇ ಮೊದ್ಲು. ಇನ್ನು ತೂತು ಹಾಕೋಕೆ ಚರ್ಮ ಇಲ್ಲ ಸಾರ್, ನೀವು ಈ ಕಡೆ ಬನ್ನಿ, ಬೆಲ್ಟು ಆ ಕಡೆ ಬರಲ್ಲ."

ಗುಟ್ಟು ಬಯಲಾದದ್ದು ಕಾರ್ತಿಕದ ಸೋಮವಾರ, ಗುಂಡ್ಲುಪೇಟೆಯಲ್ಲಿ, ನನ್ನ ಭಾವಮೈದ ಮಹದೇವನ ಮನೆಯಲ್ಲಿ. ಚೆಂಡುಹೂವು ಬೆಳೆಯುವ ಮನುಷ್ಯ. ಬಂದವರಿಗೆ ಬಡಿಸದೆ ಕಳಿಸಿದರೆ ಹೊಲ ಮುನಿಯುತ್ತದೆಂದು ನಂಬಿದವನು. ಅವರ ಮನೆಯಲ್ಲಿ ಅಂದು ಎಲ್ಲರಿಗೂ ಒಪ್ಪತ್ತು, ನನಗೆ ಪಾಳಿಯ ಉಪವಾಸ. "ಊಟ ನಿಮ್ಗೂ ಇಲ್ಲ, ನಮ್ಗೂ ಇಲ್ಲ. ಬನ್ನಿ ಬಾವ, ಇಂಗೇ ವಸಿ ತಿಂಡಿ ತಿನ್ಕಂಡು ಕಾಲ ಕಳೆಯನ," ಎಂದು ಎಲೆ ಹಾಕಿದ. ಎಲೆಯ ಮೇಲೆ ತುಪ್ಪ ಸುರಿದ ಉಪ್ಪಿಟ್ಟು ಬಂತು, ಪಕ್ಕದಲ್ಲಿ ಕೇಸರಿಬಾತು ಕೂತಿತು, ಅದರ ಬೆನ್ನಿಗೆ ಬಾಳೆಹಣ್ಣಿನ ರಸಾಯನ, ಆಮೇಲೆ ಎರಡು ದೋಸೆ, ಕಡೆಯಲ್ಲಿ ಲೋಟದ ತುಂಬ ಬೆಲ್ಲದ ಹಾಲು. ನಾನು ಕೈ ಅಡ್ಡ ಹಿಡಿದರೆ ಮಹದೇವ, "ಇದೇನು ಅನ್ನವಾ ಬಾವ, ಬುಡಿ. ಉಪವಾಸ ಅಂದ್ಮ್ಯಾಲೆ ನಿತ್ರಾಣ ಆಗ್ಬಾರ್ದು," ಎಂದು ಇನ್ನೊಂದು ದೋಸೆ ಹಾಕಿದ.

ಆ ದೋಸೆಯ ಮೇಲೆ ಬೆರಳಿಟ್ಟಾಗ ನನಗೆ ತಟ್ಟನೆ ಬೆಳಕಾಯಿತು. ನಮ್ಮ ಸೀಮೆಯಲ್ಲಿ ಅನ್ನ ಮುದ್ದೆ ಉಂಡರಷ್ಟೇ ಊಟ, ಮಿಕ್ಕದ್ದೆಲ್ಲ ಗಾಳಿ. ಒಪ್ಪತ್ತಿನ ದಿನ ದೇವರಿಗೆ ಈ ವ್ಯವಸ್ಥೆ ಒಪ್ಪಿಗೆಯಾಗಿ ಎಷ್ಟೋ ತಲೆಮಾರು ಆಗಿರಬೇಕು, ಆದರೆ ಬೆಲ್ಟು ದೇವರಷ್ಟು ಉದಾರಿಯಲ್ಲ. ಮನೆಯಲ್ಲಿ ನಾನು ಆಚರಿಸುತ್ತಿದ್ದುದೂ ಇದೇ ಉಪವಾಸ. ಆಫ್ ದಿನಗಳಲ್ಲಿ ನನಗೆ ಸುಸ್ತಾದೀತೆಂದು ಗೌರಮ್ಮ ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಶ್ಯಾವಿಗೆ, ರಾತ್ರಿ ಚಪಾತಿ ಮಾಡುತ್ತಿದ್ದಳು; ನಾನು "ಅನ್ನ ಮುಟ್ಟಲಿಲ್ಲ" ಎಂಬ ಆತ್ಮಗೌರವವನ್ನು ಜೊತೆಗೆ ನಂಚಿಕೊಂಡು ಎಲ್ಲವನ್ನೂ ತಿನ್ನುತ್ತಿದ್ದೆ. ಉಣ್ಣುವ ದಿನಕ್ಕಿಂತ ಉಪವಾಸದ ದಿನವೇ ನಮ್ಮ ಒಲೆ ಹೆಚ್ಚು ಉರಿಯುತ್ತಿತ್ತು.

ಉರಿಯುತ್ತಿತ್ತು ಎಂದೆನಲ್ಲ, ಬಸ್ಸಿನಲ್ಲಿ ಹಿಂತಿರುಗುವಾಗ ಆ ಮಾತೇ ನನ್ನನ್ನು ಹಿಡಿದು ಕೂರಿಸಿತು. ಕಿಟಕಿಯಾಚೆ ಕುಯ್ಲಾದ ಹೊಲಗಳು, ಸುಟ್ಟ ಬದುಗಳು ಹಾದುಹೋಗುತ್ತಿದ್ದವು. ಬೆಂಕಿಯನ್ನು ಹೊಡೆದು ಕೊಲ್ಲುವುದಕ್ಕಿಂತ ಹಸಿವಿನಿಂದ ಕೆಡವುವುದು ಸುಲಭ ಎಂದು ಎಷ್ಟು ಮಂದಿಗೆ ಪಾಠ ಹೇಳಿದ್ದೇನೆ. ಬೆಂಕಿ ನೋಡಲು ಭಯಂಕರ, ಆದರೆ ಅದಕ್ಕಿಂತ ಪರಾಧೀನ ಜೀವಿ ಇನ್ನೊಂದಿಲ್ಲ. ಮುಂದಿನ ತುತ್ತು ಸಿಗದಿದ್ದರೆ ನಿಂತಲ್ಲೇ ಬೂದಿ. ನನ್ನ ಹೊಟ್ಟೆಯ ಬೆಂಕಿಗೆ ಮಾತ್ರ ನಾನು ಒಣಸೌದೆ ತೆಗೆದು ಒಣಹುಲ್ಲು ಒಡ್ಡಿದ್ದೆ, ಸೌದೆ ಹಾಕಲಿಲ್ಲವೆಂದು ಬೀಗಿದ್ದೆ. ಬೆಂಕಿರೇಖೆಯಲ್ಲಿ ಅಲ್ಲಲ್ಲಿ ಹುಲ್ಲು ಉಳಿಸಿದರೆ ಅದು ರೇಖೆಯಲ್ಲ, ಕಿಚ್ಚಿಗೆ ಹಾಕಿಕೊಟ್ಟ ಸೇತುವೆ.

ಮುಂದಿನ ಆಫ್ ದಿನದಿಂದ ಪಟ್ಟೆ ಬೋಳಾಯಿತು. ಡಾಕ್ಟರಮ್ಮನನ್ನು ಮತ್ತೆ ಕೇಳಿ, ನೀರು, ನೀರುಮಜ್ಜಿಗೆ, ಮಧ್ಯಾಹ್ನ ಒಂದು ಬಟ್ಟಲು ಹುರುಳಿಕಟ್ಟು, ಇಷ್ಟಕ್ಕೆ ನಿಲ್ಲಿಸಿದೆ. ಗೌರಮ್ಮ ಮೊದಲ ದಿನ ಅವಲಕ್ಕಿ ಡಬ್ಬಿಯನ್ನು ನನ್ನ ಮುಂದೆಯೇ ಎರಡು ಸಲ ತೆಗೆದು ಮುಚ್ಚಿದಳು. "ಆಮೇಲೆ ನನ್ ದೂರ್ಬ್ಯಾಡಿ," ಎಂದಳು. ದೂರಲಿಲ್ಲ, ಆದರೆ ಹಸಿವು ಬಂತು. ಬಾಗಿಲು ಬಡಿಯದೆ ಬರುವ ನೆಂಟನಂತೆ ಬಂದು, ನಡುಮನೆಯಲ್ಲಿ ಕಾಲು ಚಾಚಿ ಕೂತು, ಎಂದೋ ತಿಂದ ಮದುವೆಮನೆಯ ಊಟಗಳನ್ನೆಲ್ಲ ನೆನಪಿಸಿತು. ಮಾತಾಡಿಸದೆ ನನ್ನ ಪಾಡಿಗೆ ಹಿತ್ತಿಲು ಗುಡಿಸಿ, ಸೈಕಲ್ ಒರೆಸಿ, ಗಿಡಗಳಿಗೆ ಪಾತಿ ಮಾಡಿದೆ. ಸಂಜೆಯ ಹೊತ್ತಿಗೆ ನೆಂಟ ತಾನೇ ಎದ್ದುಹೋಗಿದ್ದ. ಹಸಿವಿಗೂ ಒಂದು ಪಾಳಿಯಿದೆ, ಅದರ ಹೊತ್ತು ಮುಗಿದರೆ ಅದೂ ಮನೆಗೆ ಹೋಗುತ್ತದೆ ಎಂಬುದನ್ನು ಈ ವಯಸ್ಸಿನಲ್ಲಿ ಕಲಿತೆ. ಇನ್ನೊಂದನ್ನೂ ಕಲಿತೆ: ಮಾರನೆಯ ದಿನದ ಮೊದಲ ತುತ್ತು ಮುದ್ದೆ ಸೊಪ್ಪಿನ ಸಾರಿನಲ್ಲಿ ಅದ್ದಿ ಗಂಟಲಿಗಿಳಿಯುವಾಗ, ಇಷ್ಟು ವರ್ಷ ನಾನು ಉಂಡದ್ದು ಬರಿಯ ಗಡಿಯಾರವನ್ನು, ಊಟವನ್ನಲ್ಲ ಎನ್ನಿಸಿತು. ಬಿಡುವುದು ಗೊತ್ತಿಲ್ಲದವನಿಗೆ ಉಣ್ಣುವುದೂ ಗೊತ್ತಿರುವುದಿಲ್ಲವೋ ಏನೋ.

ಇನ್ನು ಆ ಗುರುವಾರಕ್ಕೆ ಬರುತ್ತೇನೆ. ಲೆಕ್ಕದ ಪ್ರಕಾರ ಅದು ಆಫ್ ದಿನ. ಆದರೆ ಬರಿಹೊಟ್ಟೆಯಲ್ಲಿ ಬೆಂಕಿಯ ಮುಂದೆ ನಿಲ್ಲುವುದು ಶೌರ್ಯವಲ್ಲ, ದಡ್ಡತನ. ಠಾಣೆಯಲ್ಲಿ ಪಾಳಿ ಅದಲುಬದಲು ಮಾಡಿಕೊಳ್ಳುವಂತೆ ಬುಧವಾರವೇ ಉಪವಾಸ ಮುಗಿಸಿ, ಗುರುವಾರವನ್ನು ಊಟಕ್ಕೆ ಬಿಟ್ಟಿದ್ದೆ. ಕಾಡಿನಂಚಿನಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಅಧಿಕಾರಿಗಳು ಜೀಪಿನ ಬಾಗಿಲು ತೆರೆದು ಹಿಡಿದರು. ನಾನು ಅದನ್ನು ಮೆಲ್ಲಗೆ ಮುಚ್ಚಿ, ಹಸಿ ಸೊಪ್ಪಿನ ಕೊಂಬೆಯೊಂದನ್ನು ಮುರಿದುಕೊಂಡು ಮುಂದೆ ನಡೆದೆ.

ದಿಣ್ಣೆ ಎದುರಾಯಿತು. ಹಿಂದಿನ ವರ್ಷ ನಿಂತ ಕಲ್ಲಿನ ಬಳಿ ಕಾಲು ತಾನಾಗಿ ತಡೆಯಿತು, ಮಂಡಿಯ ಮಾತಿಗೆ ಕಾದೆ. ಮಂಡಿ ಮಾತಾಡಲಿಲ್ಲ. ಗಾಳಿಯ ದಿಕ್ಕು ನೋಡಿ ಎಲ್ಲಿ ಹಚ್ಚಬೇಕು, ಅಂಚಿಗೆ ಸರಿದ ಬೆಂಕಿಯ ನಾಲಿಗೆಯನ್ನು ಸೊಪ್ಪಿನಿಂದ ಬೀಸಿ ಹೊಡೆಯದೆ ಹೇಗೆ ಒತ್ತಿ ಆರಿಸಬೇಕು ಎಂದು ತೋರಿಸುತ್ತ, ಬೂದಿಯ ಕಪ್ಪು ಪಟ್ಟೆಯ ಪಕ್ಕದಲ್ಲೇ ದಿಣ್ಣೆ ಹತ್ತಿ, ಇಳಿದು, ಹಳ್ಳ ದಾಟಿ, ಮತ್ತೊಂದು ದಿಣ್ಣೆ ಹತ್ತಿದೆ. ಹಿಂದಿನಿಂದ ಏದುಸಿರು ಕೇಳಿಸಿತು. ತಿರುಗಿದರೆ ಗಿರಿಜಾ ಮೀಸೆ.

"ತಾತ, ವಸಿ ನಿಧಾನಕ್ಕೋಗಿ. ಬೆಂಕಿ ಓಡೋಗಲ್ಲ."

"ಯಾಕ್ಲಾ ಮಾದ, ಎತ್ಕಂಡು ಓಡ್ಲಾ?"

ಅವನ ಜೊತೆಯವರು ಸೊಪ್ಪು ಕೆಳಗೆ ಹಾಕಿ ನಕ್ಕರು. ಮಾದ ಮೀಸೆಯ ಮೇಲೆ ಕೈಯಿಟ್ಟು, "ಅವತ್ತು ಕೇಳ್ಬುಟ್ರಾ," ಎಂದು ತಾನೂ ನಕ್ಕ. ರೇಖೆಯ ತುದಿಯಲ್ಲಿ ಮರದ ನೆರಳಿಗೆ ಕೂತು ಎಲ್ಲರೂ ಉಂಡೆವು. ಮುದ್ದೆಯನ್ನು ನನ್ನ ಎಲೆಗೆ ಹಾಕಿದವನು ಮಾದನೇ. ಇನ್ನೊಂದು ಹಾಕಲು ಬಂದಾಗ ಬೇಡವೆಂದೆ, ಅವನು ಒತ್ತಾಯಿಸಲಿಲ್ಲ. ಮುಂದಿನ ವರ್ಷಕ್ಕೂ ಬರಬೇಕೆಂದು ಅಧಿಕಾರಿಗಳು ಅಲ್ಲೇ ಹೇಳಿದರು. ಜೀಪಿನ ಮಾತು ಯಾರೂ ಎತ್ತಲಿಲ್ಲ.

ಸಂಜೆ ಊರಿಗೆ ಬಂದವನು ಮನೆಗೆ ಹೋಗುವ ಮೊದಲು ಕರೀಂ ಸಾಬರ ಅಂಗಡಿಗೆ ನಡೆದೆ. ಬೆಲ್ಟು ಬಿಚ್ಚಿಕೊಟ್ಟು, ಗೋಣಿದಾರದ ಭರವಸೆಯ ಮೇಲೆ ನಿಂತು, "ಒಳಕ್ಕೆ ಒಂದು" ಎಂದೆ. ಸಾಬರು ಬೆಲ್ಟನ್ನು ಬೆಳಕಿಗೆ ಹಿಡಿದು, ತಾವೇ ಹೊರಕ್ಕೆ ಕೊರೆದ ಹಳೆಯ ತೂತುಗಳ ಸಾಲಿನ ಮೇಲೆ ಹೆಬ್ಬೆರಳು ಆಡಿಸಿ, "ಈ ಕಡೆಯಿಂದ ಇದೇ ಮೊದ್ಲ ಬೋಣಿ ಸಾರ್," ಎಂದು ಉಳಿಯಿಟ್ಟು ಒಂದೇ ಏಟು ಹಾಕಿದರು. "ಮುಂದಕ್ಕೆ ಆಗ್ತದೆ, ಇನ್ನೊಂದು ಹಾಕ್ಲಾ?"

"ಬೇಡ," ಎಂದೆ. "ಅದನ್ನ ಸಂಪಾದಿಸಿ ಬರ್ತೀನಿ."

ಮನೆಗೆ ಬಂದು ಗೋಣಿದಾರವನ್ನು ಸುತ್ತಿ ಗೌರಮ್ಮನಿಗೆ ಒಪ್ಪಿಸಿದೆ. ಬೆಲ್ಟಿನ ಬೂದಿ ಒರೆಸಿ ಮೊಳೆಗೆ ತೂಗುಹಾಕಿದೆ. ಬೆಳಿಗ್ಗೆ ಕಂಡ ಅದೇ ಬೆಲ್ಟು, ಆದರೆ ಅದರ ಹೊರಗಿನ ತೂತುಗಳು ಈಗ ನನಗೆ ಬೂದಿಯಾದ ಪಟ್ಟೆಯಂತೆ ಕಂಡವು. ಆ ದಾರಿಯಲ್ಲಿ ಕಿಚ್ಚು ಮತ್ತೆ ಬರುವುದು ಕಷ್ಟ. ನಾಳೆ ಆಫ್. ಒಂದು ಹಿಡಿ ಹುರುಳಿಯನ್ನು ಆರಿಸಿ, ತೊಳೆದು, ಪಾತ್ರೆಯಲ್ಲಿ ನೆನೆಹಾಕಿ ಮುಚ್ಚಿದೆ.