ಉಳಿಸಿದ ಚಾದರ

ಬಟ್ಟೆ ಸುಡುವುದೆಂದರೆ ಭಾಗವ್ವನಿಗೆ ಆಗುವುದಿಲ್ಲ. ಆದರೆ ಆಕೆಗೆ ಸಿಕ್ಕ ಕೆಲಸ ಅಂಥದ್ದೇ. ಮಡಗಾಂವಿನ ಒಂದು ಖಾಸಗಿ ಆಸ್ಪತ್ರೆಯ ಆಪರೇಶನ್ ಥಿಯೇಟರಿನಲ್ಲಿ ಆಯಾ. ರೋಗಿಯ ಮೇಲೆ ಹೊದಿಸುವ ಹಸಿರು ಚಾದರ ಒಂದಿಷ್ಟು ಹರಿದರೆ ಸಾಕು, ಹಳದಿ ಚೀಲಕ್ಕೆ ತುಂಬಿ ಸುಡಲು ಕಳಿಸಬೇಕು. ಹರಿದ ಸೀರೆ, ಗಂಡನ ಹಳೆಯ ಅಂಗಿ ಎಲ್ಲ ಕೂಡಿಸಿ ಕೌದಿ ಹೊಲಿದು ಬಾಳಿದ ವಿಜಯಪುರದ ಕಡೆಯ ಹೆಂಗಸು ಆಕೆ. ಆಕೆಯ ಕಣ್ಣಿಗೆ ಅದು ಶುದ್ಧ ಪಾಪ.

ಹಾಗಾಗಿ ರಕ್ತದ ಕಲೆ ಕಾಣದ ಚಾದರ ಸಿಕ್ಕರೆ ಮಡಚಿ, ತನ್ನ ಚೀಲದಲ್ಲಿ ಊಟದ ಡಬ್ಬಿಯ ಕೆಳಗೆ ಸೇರಿಸುತ್ತಿದ್ದಳು. ಕದಿಯುವುದು ಎಂಬ ಮಾತು ಆಕೆಯ ಬಾಯಲ್ಲಿ ಬಂದದ್ದೇ ಇಲ್ಲ. ‘ಉಳಿಸೂದು’ ಅನ್ನುತ್ತಿದ್ದಳು. ಕನ್ನಡದ ಕೂಲಿ ಮಂದಿ ತುಂಬಿದ ಮೋತಿ ಡೊಂಗರ ಗುಡ್ಡದ ನಮ್ಮ ಓಣಿಯಲ್ಲಿ ಭಾಗವ್ವನ ಕೌದಿ ಅಂದರೆ ಹೆಸರಿತ್ತು. ಆ ಹಸಿರು ಎಲ್ಲಿಯದೆಂದು ನಾವ್ಯಾರೂ ಕೇಳಲಿಲ್ಲ. ಪುಕ್ಕಟೆ ಹೊದಿಕೆಗೆ ಕುಲ ಗೋತ್ರ ಕೇಳುವಷ್ಟು ದೊಡ್ಡವರು ಇಲ್ಲಿ ಯಾರಿದ್ದಾರೆ?

ಈ ಮಳೆಗಾಲದಲ್ಲಿ ಬಸುರಿ ಮಗಳು ಅಶ್ವಿನಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹೊದಿಸಬಾರದು, ಹಳೆಯ ಮೆತ್ತನೆಯ ಬಟ್ಟೆಯೇ ಆಗಬೇಕು ಎಂಬುದು ಅವರ ಪದ್ಧತಿ. ಅಜ್ಜಿಯಾಗುವ ಸಡಗರದಲ್ಲಿ ಭಾಗವ್ವ ಇನ್ನೊಂದು ಚಾದರ ಉಳಿಸಿ ತಂದಳು. ಸಂಜೆ ಅದನ್ನು ಬಕೀಟಿನಲ್ಲಿ ನೆನೆ ಹಾಕಲೆಂದು ಅಶ್ವಿನಿ ಬಿಚ್ಚಿದಳು. ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಡೊಂಕು ಸೂಜಿಯೊಂದು ಹೆಬ್ಬೆರಳಿಗೆ ಚುಚ್ಚಿತು. ರಕ್ತ ಬಂತು.

ಹೊಟ್ಟೆ ಕೊಯ್ದ ಮೇಲೆ ಹೊಲಿಗೆ ಹಾಕುವ ಸೂಜಿ ಅದು. ಅದರಿಂದ ಕಾಮಾಲೆ, ಏಡ್ಸ್ ಏನು ಬೇಕಾದರೂ ಅಂಟಬಹುದು, ಚುಚ್ಚಿದ ಕೂಡಲೆ ಬಂದು ಹೇಳಬೇಕು ಎಂದು ಥಿಯೇಟರಿನ ಜಯಶ್ರೀ ಸಿಸ್ಟರ್ ಎಲ್ಲರಿಗೂ ಹೇಳಿ ಹೇಳಿ ಇಟ್ಟಿದ್ದರು. ಭಾಗವ್ವ ಮಗಳ ಕೈಯನ್ನು ಸಾಬೂನು ಹಚ್ಚಿ ತೊಳೆದಳು. “ಏನೂ ಆಗೂದಿಲ್ಲ, ಉಂಡು ಮಲಕ್ಕೊ” ಅಂದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಇಲ್ಲಿ ಹೋಗುವುದು ಹರಕು ಚಾದರಕ್ಕೆ.

ಬೆಳಿಗ್ಗೆ ಆಕೆಗೊಂದು ಉಪಾಯ ಹೊಳೆಯಿತು. ಜಯಶ್ರೀ ಸಿಸ್ಟರ್ ಹತ್ತಿರ ಹೋಗಿ, “ನಿನ್ನಿ ಚಾದರ ಮಡಚೂ ಮುಂದ ನನಗ ಸೂಜಿ ಚುಚ್ಚೇತ್ರಿ” ಅಂದಳು.

ಬೆಳಗಾವಿ ಕಡೆಯ ಸಿಸ್ಟರ್ ಕನ್ನಡದಲ್ಲೇ ಬೈದರು. “ನಿನ್ನಿ ಚುಚ್ಚಿದ್ದು ಇವತ್ತ ಹೇಳಾಕತ್ತೀಯಲ್ಲ, ಜೀವದ ಮ್ಯಾಲ ಆಸೆ ಇಲ್ಲೇನು?” ಬೈಯುತ್ತಲೇ ಡಾಕ್ಟರ ಬಳಿ ಕರೆದೊಯ್ದರು. ರಕ್ತ ತೆಗೆದರು. ಡಾಕ್ಟರು ಕೇಳಿದ್ದನ್ನೆಲ್ಲ ಸಿಸ್ಟರ್ ಕನ್ನಡಕ್ಕೆ ತಿರುಗಿಸಿದರು. “ಹೊಟ್ಟ್ಯಾಗ ಕೂಸು ಏನರ ಐತೇನು? ನಗಬ್ಯಾಡ, ಎಲ್ಲಾರಿಗೂ ಕೇಳಬೇಕಾಕ್ಕೈತಿ.” ಭಾಗವ್ವ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಹೊರಗೆ ಬಂದ ಮೇಲೆ ಸಿಸ್ಟರ್ ಉಳಿದ ಆಯಾಗಳೆದುರು, “ನೋಡ್ರಿ, ಭಾಗವ್ವ ತಡಾ ಆದ್ರೂ ಖರೇ ಹೇಳಿದ್ಲು. ನೀವು ಮುಚ್ಚಿಡ್ತೀರಿ” ಅಂದರು. ಭಾಗವ್ವನಿಗೆ ತಲೆ ಎತ್ತಲಾಗಲಿಲ್ಲ. ಆದರೂ ರೋಗ ಅಂಟದಂತೆ ಕೊಡುವ ಗುಳಿಗೆ ಕೈಗೆ ಸಿಕ್ಕಿತ್ತು. ಮಧ್ಯಾಹ್ನ ರಜೆ ಕೇಳಿ ಮನೆಗೆ ಓಡಿದಳು.

“ಶಕ್ತಿ ಗುಳಗಿ, ನುಂಗು” ಎಂದು ಮಗಳ ಅಂಗೈಗೆ ಹಾಕಿದಳು. ಅಶ್ವಿನಿ ನೀರಿನ ತಂಬಿಗೆ ಎತ್ತಿದಳು. ಆಗ ಡಾಕ್ಟರ ಆ ಪ್ರಶ್ನೆ ಭಾಗವ್ವನಿಗೆ ನೆನಪಾಯಿತು. ನಕ್ಕು ಬಿಟ್ಟ ಪ್ರಶ್ನೆ. ಈ ಗುಳಿಗೆ ಹೊಟ್ಟೆಯ ಕೂಸಿಗೆ ಏನು ಮಾಡುತ್ತದೋ ತನಗೆ ಗೊತ್ತಿಲ್ಲ, ಗೊತ್ತಿದ್ದವರಿಗೆ ತಾನು ಸುಳ್ಳು ಹೇಳಿ ಬಂದಿದ್ದೇನೆ. ಮಗಳ ಕೈ ಹಿಡಿದು ಗುಳಿಗೆ ಕಸಿದುಕೊಂಡಳು. ಅಲ್ಲೇ ಎಲ್ಲ ಹೇಳಿದಳು.

ರಿಕ್ಷಾ ಮಾಡಿಕೊಂಡು ಇಬ್ಬರೂ ಆಸ್ಪತ್ರೆಗೆ ಬಂದರು.

“ಚುಚ್ಚಿದ್ದು ನನಗಲ್ರಿ, ಇಕಿಗೆ. ಚಾದರ ನಾ ಕದ್ದಿದ್ದೆ” ಅಂದಳು ಭಾಗವ್ವ. ಆ ಮಾತನ್ನು ಆಕೆ ಆಡಿದ್ದು ಅದೇ ಮೊದಲು. ಮುಂಜಾನೆ ಯಾರೆದುರು ಹೊಗಳಿಸಿಕೊಂಡಿದ್ದಳೋ ಆ ಆಯಾಗಳೆಲ್ಲ ಅಲ್ಲೇ ನಿಂತಿದ್ದರು. ಸಿಸ್ಟರ್ ಬೈಯಲಿಲ್ಲ. ಭಾಗವ್ವನನ್ನು ಬಿಟ್ಟು ಅಶ್ವಿನಿಯ ತೋಳು ಹಿಡಿದುಕೊಂಡು ಒಳಗೆ ನಡೆದರು. ಬೈದಿದ್ದರೆ ಎಷ್ಟೋ ಚಲೋ ಇತ್ತು.

ವೇಳೆ ಮೀರಿಲ್ಲ, ಬಸುರಿಗೆ ಆಗುವ ಔಷಧ ಕೊಡುತ್ತೇವೆ, ಆದರೆ ರಕ್ತವನ್ನು ಮತ್ತೆ ಮತ್ತೆ ನೋಡಬೇಕು, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು. ತಾಯಿ ಮಗಳು ಹೊರಗೆ ಬೆಂಚಿನ ಮೇಲೆ ಕೂತರು.

“ಅವ್ವ, ಅದು ಎಂಥಾ ಸೂಜಿ ಅಂತ ನಿನ್ನಿ ಸಂಜೀಕನ ನಿನಗ ಗೊತ್ತಿತ್ತಲ್ಲ?”

“ಹೂಂ.”

“ರಾತ್ರಿ ಎಲ್ಲಾ ಹೊಳ್ಳಾಡಾಕತ್ತಿದ್ದಿ. ಏನ್ ವಿಚಾರ ಮಾಡಾಕತ್ತಿದ್ದಿ?”

‘ನಿಂದಽ’ ಅಂದಿದ್ದರೆ ಮಗಳು ನಂಬುತ್ತಿದ್ದಳು. ಭಾಗವ್ವನ ಬಳಿ ಅಷ್ಟು ಸುಳ್ಳು ಉಳಿದಿರಲಿಲ್ಲ.

“ನನ್ನ ಕೆಲಸ ಹೊಕ್ಕೈತೇನೋ ಅಂತ” ಅಂದಳು.

ಅಶ್ವಿನಿ ಬೆಂಚಿನ ಮೇಲೆ ಅವ್ವನಿಂದ ಒಂದಿಷ್ಟು ಸರಿದು ಕೂತಳು.