ತಿದ್ದಿದ ವಯಸ್ಸು

ನನಗಾಗ ಐವತ್ತೆರಡು, ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಬೂಕನಕೆರೆಯ ನಮ್ಮ ಮನೆ ಜಗಲಿಯ ಮೇಲೆ ಒಬ್ಬ ಹೆಂಗಸು ಕುಳಿತು, ಬಟ್ಟೆ ಹೊಲಿಯುವವರ ಟೇಪನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದಳು.

"ಇದ್ಯಾಕವ್ವ?" ಎಂದೆ.

"ತಣ್ಣಗಿದ್ರೆ ಮಗು ಬೆಚ್ಚಿಬೀಳುತ್ತೆ ಅಮ್ಮ."

ಕಳ್ಳಿ ಎಂದು ಆಗಲೇ ಗುರುತು ಹಾಕಿಕೊಂಡೆ. ಬೇರೆಯವರ ಮಗುವಿನ ಮೇಲೆ ಅಷ್ಟು ಮುತುವರ್ಜಿ ಸುಮ್ಮನೆ ಬರುವುದಿಲ್ಲ.

ಹೆಸರು ವಸುಧಾ, ಶ್ರೀರಂಗಪಟ್ಟಣದ ದೇವಸ್ಥಾನದ ಬೀದಿಯವಳು. ದಿನ ತುಂಬುವ ಬಹಳ ಮೊದಲೇ ಹುಟ್ಟಿದ ಮಕ್ಕಳು ಹೇಗೆ ಬೆಳೆಯುತ್ತವೆ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳುವ ಕೆಲಸ. ಮೈಸೂರಿನ ಆಸ್ಪತ್ರೆಯವರು ಕಳಿಸಿದ್ದರು. ನನ್ನ ಮಗಳು ನಾಗಮಣಿ ಆರು ತಿಂಗಳು ತುಂಬಿ ಏಳರಲ್ಲೇ ಹೆತ್ತಿದ್ದಳು. ಎರಡು ತಿಂಗಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದ ಹೆಣ್ಣುಮಗು ಮೊರದ ಮೂಲೆಯಲ್ಲಿ ಮಲಗಿಸುವಷ್ಟಿತ್ತು. ಹೊಣಕೆರೆಯ ಬೀಗಿತಿ, ಅಂದರೆ ನಾಗಮಣಿಯ ಅತ್ತೆ, "ಮಗು ಗಟ್ಟಿಯಾಗಿ ನಿಂತ್ಕಳ್ಲಿ, ಆಮೇಲೆ ಇಬ್ರುನೂ ಕರ್ಕೊಂಡೋಯ್ತೀವಿ" ಎಂದು ಹೋದವಳು ಇತ್ತ ತಲೆ ಹಾಕಲಿಲ್ಲ. ಅಳಿಯನೂ ಬರಲಿಲ್ಲ. ಅವನಿಗೆ ಬೇರೆ ಹೆಣ್ಣು ನೋಡುತ್ತಿದ್ದಾರೆ ಎಂದು ಬಸ್ಸಿನಲ್ಲಿ ಯಾರೋ ಅಂದರು.

ವಸುಧಾ ತಿಂಗಳಿಗೊಮ್ಮೆ ಬರುತ್ತಿದ್ದಳು. ಬಂದವಳೇ ಮೊಣಕೈವರೆಗೆ ಮೂರು ಸಲ ಸೋಪು ಹಾಕುವಳು. ಕಾಫಿ ಕೊಟ್ಟರೆ ಮುಟ್ಟಳು.

"ನಮ್ಮನೆ ಕಾಫಿ ನಿಂಗೆ ಮೈಲ್ಗೆಯೇನವ್ವ?"

"ಮೈಲಿಗೆ ಎಲ್ಲಿಂದ ಬಂತಮ್ಮ? ಇಲ್ಲಿಂದ ಪಾಂಡವಪುರಕ್ಕೆ ಬಸ್ಸಲ್ಲಿ ಹೋಗಬೇಕು. ಮನೆಮನೇಲಿ ಕಾಫಿ ಕುಡಿದ್ರೆ ದಾರೀಲಿ ಎಲ್ಲಿ ಅಂತ ಇಳಿದು ಒಂದಕ್ಕೆ ಹೋಗಲಿ?"

ಅದೂ ಸುಳ್ಳೇ ಇರಬೇಕು ಎಂದುಕೊಂಡೆ. ನಾನು ಡೈರಿಗೆ ಹಾಲು ಹಾಕುವವಳು. ಅಳತೆ ಕೊಳವೆ ಇಳಿಸಿ "ನೀರೈತೆ" ಎಂದವನ ಮುಂದೆಯೇ ಹಸು ಕರೆದು ತೋರಿಸಿ ಅವನ ಬಾಯಿ ಮುಚ್ಚಿಸಿದ್ದೆ. ಅಳೆಯುವವರನ್ನು ಕಂಡರೆ ನನಗಾಗದು. ಅವಳು ಮಗುವಿನ ತಲೆಗೆ ಟೇಪು ಸುತ್ತಿದಾಗ ಕೇಳಿಯೇ ಬಿಟ್ಟೆ: "ಏನವ್ವ, ಟೋಪಿ ಹಾಕಾಕೆ ಬಂದಿದ್ದೀಯಾ?"

"ಟೋಪಿ ಹಾಕೋದಾದ್ರೆ ನಿಮ್ಮ ತಲೆ ಅಳೀತಿದ್ದೆ ಅಮ್ಮ."

ನಾಗಮಣಿ ನಕ್ಕಳು. ಹೆತ್ತ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಅದೂ ನನಗೆ ಹಿಡಿಸಲಿಲ್ಲ.

ನನಗೆ ಅಕ್ಷರ ಕೂಡಿಸಿ ಓದುವುದು ಕಷ್ಟ; ಅಂಕಿ ಬರುತ್ತದೆ. ಅವಳ ಮೇಲೆ ಕಣ್ಣಿಡಲೆಂದೇ ಕದದ ಹಿಂದಿನ ಗೋಡೆಗೆ ಮಗು ಹುಟ್ಟಿದಂದಿನಿಂದ ಲೆಕ್ಕ ಹಿಡಿದು ತಿಂಗಳಿಗೊಂದರಂತೆ ಇದ್ದಿಲಿನ ಗೆರೆ ಎಳೆದಿದ್ದೆ. ಒಂಬತ್ತು ಗೆರೆಯಾದ ತಿಂಗಳು ಅವಳ ಪುಸ್ತಕದೊಳಗೆ ಬಗ್ಗಿ ನೋಡಿದರೆ ಆರು ಎಂದಿದೆ. ಕೈ ಹಿಡಿದುಕೊಂಡೆ.

"ಸಿಕ್ಕಾಕ್ಕೊಂಡೆಯಾ! ಒಂಬತ್ತನ್ನ ಆರು ಮಾಡಿದ್ದೀಯಲ್ಲ?"

"ಅದು ತಿದ್ದಿದ ವಯಸ್ಸು ಅಮ್ಮ."

ತಾನಾಗಿಯೇ ಬಾಯಿ ಬಿಟ್ಟಳು! ನಮ್ಮ ಕಡೆ ತಿದ್ದುವುದು ಎಂದರೆ ಪಹಣಿ ತಿದ್ದುವುದು, ತಿದ್ದಿದವನು ಕಳ್ಳ. "ಮೂರು ತಿಂಗ್ಳು ಎಲ್ಲೋಯ್ತವ್ವ? ಆಸ್ಪತ್ರೆಯೋರು ಏನೋ ಎಡವಟ್ಟು ಮಾಡಿ ಮುಚ್ಚಾಕ್ತಾವ್ರಾ?"

ಅವಳು ಪುಸ್ತಕ ಮುಚ್ಚಿ ನನ್ನೆದುರು ಕುಕ್ಕರಗಾಲಲ್ಲಿ ಕುಳಿತಳು. "ಆ ಮೂರು ತಿಂಗಳು ಇವಳು ನಿಮ್ಮ ಮಗಳ ಹೊಟ್ಟೇಲಿ ಇರಬೇಕಿತ್ತು. ಅದನ್ನೂ ಎಣಿಸಿ, ಯಾಕಿನ್ನೂ ಕೂತಿಲ್ಲ ಅಂದ್ರೆ ನ್ಯಾಯವಾ? ಹೊಟ್ಟೆಯೊಳಗಿರೋ ಮಗೂನ ಕೂತ್ಕೋ ಅಂತೀರಾ?"

ಉತ್ತರ ಹೊಳೆಯದಂತೆ ಮಾತಾಡುವವರೇ ಮೋಸಗಾರರು ಎಂದುಕೊಂಡು ಹಸುವಿಗೆ ಹುಲ್ಲು ಹಾಕಲು ಎದ್ದು ಹೋದೆ.

ಹನ್ನೆರಡನೇ ಗೆರೆ ಎಳೆದ ವಾರ ಬೀಗಿತಿ ಬಂದಳು. ಅವತ್ತೇ ವಸುಧಾಳೂ ಬಂದಿದ್ದಳು. ಬೀಗಿತಿ ಮಗುವನ್ನು ಎತ್ತಿ ನಿಲ್ಲಿಸಿ ನೋಡಿದಳು. ಕಾಲು ಮಡಚಿಕೊಂಡಿತು.

"ವರ್ಸ ತುಂಬ್ತು, ಇನ್ನೂ ಕಾಲೂರಾಕಿಲ್ಲ. ಇದೇನು ಮಗುವೋ, ರಾಗಿ ಚೀಲವೋ? ನನ್ ಮಗ ಎಷ್ಟು ದಿನ ಅಂತ ಕಾಯ್ತಾನೆ?"

ನಾಗಮಣಿ ಎದ್ದು ಒಳಗೆ ಹೋದಳು. ನಾನು ವಸುಧಾಳ ಕಡೆ ತಿರುಗಿದೆ. "ನಡೀತದೆ ಅಂತ ಏಳ್ಬುಡವ್ವ."

"ಗೊತ್ತಿಲ್ಲ ಅಮ್ಮ" ಎಂದಳು. "ಗೊತ್ತಿದ್ದಿದ್ರೆ ಈ ಪುಸ್ತಕ ಯಾಕೆ ಹೊತ್ಕೊಂಡು ತಿರುಗಲಿ? ಇಷ್ಟು ಬೇಗ ಹುಟ್ಟಿದ ಮಕ್ಕಳು ಯಾವಾಗ ನಿಲ್ತಾರೆ ಅಂತ ತಿಳ್ಕೊಳ್ಳೋಕೇ ಬರ್ತಿರೋದು. ಕಂಡಿದ್ದನ್ನ ಬರೀತೀನಿ, ಬೇಕಾದ್ದನ್ನಲ್ಲ."

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಒಂದು ಸುಳ್ಳು ಹೇಳಿದ್ದರೆ ನನ್ನ ಮಗಳ ಬಾಳು ಉಳಿಯುತ್ತಿತ್ತು. ಅದೇ ಗಳಿಗೆಯಲ್ಲಿ ಇನ್ನೊಂದೂ ಅನ್ನಿಸಿತು: ಇಂಥ ಹೊತ್ತಿನಲ್ಲೂ ಸುಳ್ಳು ಹೇಳದವಳು ಆ ಮೂರು ತಿಂಗಳ ವಿಷಯದಲ್ಲಿ ಹೇಳಿರುತ್ತಾಳಾ? ಬೀಗಿತಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ನಮ್ ಮಗೀಗೆ ಒಂಬತ್ತೇ ತಿಂಗ್ಳು ಕಣವ್ವ! ನಿನ್ ಮಗ ಒಂಬತ್ತು ತಿಂಗ್ಳಿಗೇ ನೇಗ್ಲು ಇಡಿದಿದ್ನಾ?"

"ಓಹೋ, ತಾಯಿ ಮಗ್ಳು ಸೇರ್ಕೊಂಡು ವಯಸ್ಸನ್ನೇ ತಿದ್ಬುಟ್ರಾ?"

"ಊಂ ಕಣವ್ವ, ತಿದ್ದೀವಿ. ನಿಂತ್ಕೊಂಡ ಮಾರ್ನೆ ದಿನ ನಾನೇ ತಂದು ನಿನ್ ಬಾಗ್ಲಲ್ಲಿ ನಿಲ್ಲುಸ್ತೀನಿ. ಅಲ್ಲೀಗಂಟ ಬೇರೆ ಎಣ್ಣು ನೋಡಿದ್ರೆ ಪಂಚಾಯ್ತಿ ಸೇರುಸ್ತೀನಿ."

ಬೀಗಿತಿ ಗೊಣಗುತ್ತಾ ಬಸ್ಸಿಗೆ ಹೋದಳು. ವಸುಧಾ ಟೇಪು ಸುತ್ತಿಟ್ಟಳು.

ಹದಿನೈದು ಗೆರೆಯಾದಾಗ ಅವಳು ಕೊನೆಯ ಸಲ ಬಂದಳು. ಮಗು ಅವಳ ಚೀಲದ ಪಟ್ಟಿ ಹಿಡಿದು ಎದ್ದಿತು. ಪಟ್ಟಿ ಬಿಟ್ಟಿತು. ಎರಡು ಉಸಿರಿನಷ್ಟು ಹೊತ್ತು ನಿಂತು ಧೊಪ್ಪನೆ ಕುಳಿತಿತು. ನಾಗಮಣಿ ಬಾಯಿಗೆ ಸೆರಗು ಒತ್ತಿಕೊಂಡಳು. ವಸುಧಾ ಗಡಿಯಾರ ನೋಡಿ ಬರೆದುಕೊಂಡಳು.

"ನಮ್ಮ ಕೆಲಸ ಮುಗೀತಮ್ಮ. ಇನ್ನು ಬರಲ್ಲ."

"ಆ ಪುಸ್ತಕ ಎಲ್ಲಿಗೋಯ್ತದೆ?"

"ಮೈಸೂರಿಗೆ. ಅಲ್ಲಿಂದಾಚೆಗೆ ನಂಗೂ ಗೊತ್ತಿಲ್ಲ."

ಕಾಫಿ ಕೊಟ್ಟೆ. ಅವತ್ತು ಕುಡಿದಳು. "ಇವತ್ತು ನಿಮ್ಮದೇ ಕೊನೇ ಮನೆ" ಎಂದಳು. ಮತ್ತೆ ಅವಳನ್ನು ನೋಡಲಿಲ್ಲ. ನಮ್ಮ ಮಗುವಿನ ತಲೆಯಳತೆ ಯಾರ ಕಪಾಟಿನಲ್ಲಿದೆಯೋ, ಯಾರಿಗೆ ಉಪಯೋಗವಾಯಿತೋ, ಆ ಅನುಮಾನ ನನಗೆ ಇವತ್ತಿಗೂ ಹೋಗಿಲ್ಲ.

ಮಾರನೆಯ ಬೆಳಗ್ಗೆ ನಾಗಮಣಿಗೆ ಗಂಟು ಕಟ್ಟಲು ಹೇಳಿ, ಮಗುವಿಗೆ ನೀರೆರೆದು, ಹೊಣಕೆರೆಗೆ ಹೊರಟೆ. ಬಾಗಿಲಿಗೆ ಬೀಗ ಹಾಕುವ ಮುಂಚೆ ಒಳಗೆ ಹೋಗಿ, ಸೆರಗಿನ ತುದಿ ಒದ್ದೆ ಮಾಡಿಕೊಂಡು, ಗೋಡೆಯ ಮೇಲಿನ ಮೊದಲ ಮೂರು ಗೆರೆ ಒರೆಸಿದೆ.