ಮರದ ತುಂಡಿನ ಎರಡು ಸೆಂಟಿಮೀಟರ್

ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಅಟೆಂಡರ್‌ಗೆ ಮಕ್ಕಳು ಇಟ್ಟ ಹೆಸರು ಇಳಿಜಾರಣ್ಣ. ಎರಡು ಮೀಟರ್ ಹಲಗೆಯ ಒಂದು ತುದಿಯಡಿಗೆ ಹತ್ತು ಸೆಂಟಿಮೀಟರ್ ಎತ್ತರದ ಮರದ ತುಂಡು ಕೊಡುವುದು, ಉಕ್ಕಿನ ಗುಂಡು ಒರೆಸಿಡುವುದು, ಸ್ಟಾಪ್‌ವಾಚ್ ಹಂಚುವುದು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಗುಂಡು ಕೆಳಗೆ ಬರಲು ಮೂರು ಪಾಯಿಂಟ್ ನಾಲ್ಕು ಸೆಕೆಂಡು; ಲೆಕ್ಕ ಹಾಕಿದರೆ ವೇಗೋತ್ಕರ್ಷ, ಸೆಂಟಿಮೀಟರ್ ಲೆಕ್ಕದಲ್ಲಿ, ಮೂವತ್ತೈದು. ಆ ಮೂವತ್ತೈದು ಅವನಿಗೆ ಮಗಳ ವಯಸ್ಸಿಗಿಂತ ಚೆನ್ನಾಗಿ ನೆನಪಿತ್ತು. ವಿದ್ಯಾರ್ಥಿಗಳಿಗೂ ಅಷ್ಟೇ. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ಕೈಯಲ್ಲಿರುವಾಗ ಗುಂಡಿನ ಮುಖ ಯಾರು ನೋಡುತ್ತಾರೆ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ರಜೆಯಲ್ಲಿ ಮರದ ತುಂಡಿನ ಬುಡಕ್ಕೆ ಗೆದ್ದಲು ಹಿಡಿಯಿತು. ಹೊಸದಕ್ಕೆ ಅರ್ಜಿ ಹಾಕಿದರೆ ಬರುವುದು ಯಾವ ಕಾಲಕ್ಕೋ. ಅವನು ಹುಳುಕನ್ನು ಗರಗಸದಲ್ಲಿ ಕೊಯ್ದು, ಬಣ್ಣ ಬಳಿದು, ಮತ್ತೆ ಅಲ್ಲೇ ಇಟ್ಟ. ವರ್ಷವಿಡೀ ಎಲ್ಲರ ಉತ್ತರವೂ ಮೂವತ್ತೈದೇ ಬಂತು. ಅವನು ಗರಗಸದ ವಿಷಯ ಮರೆತ.

ಆ ಸಲ ಅವನ ಮಗಳೂ ಅದೇ ತರಗತಿಯಲ್ಲಿದ್ದಳು. ಪರೀಕ್ಷೆಯ ಹಿಂದಿನ ದಿನ ಅವಳಿಗೆ ಹೇಳಿದ:

"ಇಳಿಜಾರು ಬಂದ್ರೆ ಹೆದರ್ಬೇಡ ಪುಟ್ಟಿ. ಮೂವತ್ತೈದು ಬರುತ್ತೆ. ಬರ್ಲಿಲ್ಲ ಅಂದ್ರೆ ನೀನೇ ಎಲ್ಲೋ ತಪ್ಪಿದೀಯ ಅಂತ ತಿಳ್ಕೋ."

ಇಳಿಜಾರೇ ಬಂತು. ಹನ್ನೆರಡು ಮಂದಿ ಒಬ್ಬೊಬ್ಬರಾಗಿ ಗುಂಡು ಉರುಳಿಸಿದರು. ಮಗಳದೂ ಸೇರಿ ಹನ್ನೊಂದು ಹಾಳೆಯಲ್ಲಿ ಮೂವತ್ತೈದು. ಕೊನೆಯ ಹುಡುಗಿಯದರಲ್ಲಿ ಮಾತ್ರ ಇಪ್ಪತ್ತೆಂಟು. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಅವಳ ಕೈಯಲ್ಲೇ ಮತ್ತೆ ಮೂರು ಸಲ ಉರುಳಿಸಿ ನೋಡಿದರು. ಮೂರು ಸಲವೂ ಮೂರು ಪಾಯಿಂಟ್ ಎಂಟು ಸೆಕೆಂಡು.

"ಸ್ಟಾಪ್‌ವಾಚ್ ಒತ್ತೋಕೂ ಬರಲ್ವೇನಮ್ಮಾ? ಫೇಲಾದ್ರೆ ಒಂದು ವರ್ಷ ಹೋಗುತ್ತೆ, ಗೊತ್ತಾ?"

"ನಂಗೆ ಬಂದಿದ್ದು ಇದೇ ಮೇಡಂ," ಎಂದಳು ಹುಡುಗಿ. ಕಣ್ಣಲ್ಲಿ ನೀರಿದ್ದರೂ ಅಂಕಿ ತಿದ್ದಲಿಲ್ಲ.

ಆಗ ಇಳಿಜಾರಣ್ಣನಿಗೆ ಗರಗಸ ನೆನಪಾಯಿತು. ಬಾಯಿ ಬಿಟ್ಟರೆ ಮಗಳ ಹಾಳೆ ಹೋಗುತ್ತದೆ, ಬಿಡದಿದ್ದರೆ ಈ ಹುಡುಗಿಯ ವರ್ಷ. ಒರೆಸಿದ ಗುಂಡನ್ನೇ ಇನ್ನೆರಡು ಸಲ ಒರೆಸಿದ. ಮಗಳ ಕಡೆ ನೋಡಲಿಲ್ಲ.

"ಮೇಡಂ, ತಪ್ಪು ನಂದು. ಆ ಮರದ ತುಂಡು ಒಂದ್ಸಲ ಅಳೀರಿ."

ಅಳತೆಪಟ್ಟಿ ಎಂಟು ಸೆಂಟಿಮೀಟರ್ ತೋರಿಸಿತು. ಪರೀಕ್ಷಕಿ ಕೊನೆಯ ಹುಡುಗಿಗೆ ಪೂರ್ತಿ ಅಂಕ ಕೊಟ್ಟು, ಉಳಿದ ಹನ್ನೊಂದು ಹಾಳೆಗಳ ಮೇಲೆ ಕೆಂಪು ಗೆರೆ ಎಳೆದರು. ಅವರೆಲ್ಲ ಮತ್ತೆ ಪರೀಕ್ಷೆಗೆ ಕೂರಬೇಕು. ಅಟೆಂಡರ್‌ಗೆ ಒಂದು ನೋಟಿಸು ಸಿಕ್ಕಿತು. ಅದನ್ನು ಮಡಚಿ ಜೇಬಿಗಿಟ್ಟುಕೊಂಡ.

ಸಂಜೆ ಊಟಕ್ಕೆ ಕೂತಾಗ ಮಗಳ ಮುಖ ಊದಿತ್ತು. ಅವನಿಗೂ ಸಿಟ್ಟಿತ್ತು, ನಾಚಿಕೆಯೂ ಇತ್ತು.

"ನೀನೂ ಗುಂಡು ನೋಡ್ದೇನೇ ಬರೆದ್ಯಲ್ಲೇ?"

"ನೋಡ್ದೆ ಅಪ್ಪ. ನಾಲ್ಕು ಸಲ ಉರುಳಿಸ್ದೆ. ನಂಗೂ ಮೂರು ಪಾಯಿಂಟ್ ಎಂಟೇ ಬಂತು. ನೀನು ಹೇಳಿದ್ಯಲ್ಲ, ಅದಕ್ಕೇ ನಾನೇ ಎಲ್ಲೋ ತಪ್ಪಿದೀನಿ ಅಂದ್ಕೊಂಡೆ."